ಬಿಡಿಸಿ ಹೇಳುವ ಕೆಲಸಕ್ಕೆ ಕೂಲಿ ಎಷ್ಟು?

ಸಾಲ ಎಂದರೇನು ಎಂದು ನಮ್ಮ ಓದುಗರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಸೊಸೈಟಿಯ ಬೆಳೆಸಾಲ, ಮಂಡಿಯ ಮುಂಗಡ, ಅಂಗಡಿಯ ಉದ್ರಿ ಪುಸ್ತಕ – ಒಂದಲ್ಲ ಒಂದು ಬಗೆಯಲ್ಲಿ ಎಲ್ಲರ ಮನೆಯ ಹೊಸ್ತಿಲನ್ನೂ ಅದು ತುಳಿದಿದೆ. ಇವತ್ತು ತೀರಿಸದಿದ್ದರೆ ನಾಳೆ ಬಡ್ಡಿ, ನಾಳೆ ತೀರಿಸದಿದ್ದರೆ ನಾಡಿದ್ದು ಬಡ್ಡಿಗೂ ಬಡ್ಡಿ. ಇದು ದುಡ್ಡಿನ ಮಾತಾಯಿತು. ಆದರೆ ವಿದ್ಯೆಗೂ ಸಾಲ ಉಂಟು, ಅದಕ್ಕೂ ಬಡ್ಡಿ ಬೆಳೆಯುತ್ತದೆ ಎಂದರೆ ನಂಬುತ್ತೀರಾ?

ಹೀಗೆಂದು ಬರೆದವರು ಕ್ರಿಸ್ ಓಲಾ ಮತ್ತು ಶಾನ್ ಕಾರ್ಟರ್ ಎಂಬ ಇಬ್ಬರು. 2017ರ ಮಾರ್ಚ್ ತಿಂಗಳಲ್ಲಿ, ಅಮೆರಿಕದ ಗೂಗಲ್ ಕಂಪನಿಯಲ್ಲಿ ಕೆಲಸದಲ್ಲಿದ್ದಾಗ ಅವರು ‘ಸಂಶೋಧನೆಯ ಸಾಲ’ ಎಂಬ ಅರ್ಥದ ಒಂದು ಪ್ರಬಂಧ ಪ್ರಕಟಿಸಿದರು. ಅದರ ತಿರುಳು ಸುಲಭ. ಒಬ್ಬ ಸಂಶೋಧಕ ಏನನ್ನೋ ಕಂಡುಹಿಡಿಯುತ್ತಾನೆ. ಅವಸರದಲ್ಲಿ, ತನಗೂ ತನ್ನಂಥ ನಾಲ್ಕು ಜನಕ್ಕೂ ತಿಳಿದರೆ ಸಾಕು ಎಂಬಂತೆ ಬರೆದು ಕೈತೊಳೆದುಕೊಳ್ಳುತ್ತಾನೆ. ತಿಳಿಯಾಗಿ ಬರೆಯಲು ಅವನಿಗೆ ಇನ್ನೂ ಹತ್ತು ದಿನ ಬೇಕಿತ್ತು ಅನ್ನೋಣ. ಆ ಹತ್ತು ದಿನ ಅವನಿಗೆ ಉಳಿಯಿತು. ಆದರೆ ಅದನ್ನು ಓದುವ ಸಾವಿರ ಮಂದಿ ತಲಾ ಹತ್ತು ದಿನ ತಲೆ ಕೆಡಿಸಿಕೊಳ್ಳುತ್ತಾರೆ. ಲೆಕ್ಕ ಹಾಕಿ: ಒಬ್ಬ ಉಳಿಸಿದ್ದು ಹತ್ತು ದಿನ, ಲೋಕ ಕಳೆದುಕೊಂಡದ್ದು ಹತ್ತು ಸಾವಿರ ದಿನ. ಸಾಲ ಮಾಡಿದವನು ಒಬ್ಬ, ಬಡ್ಡಿ ಕಟ್ಟುವವರು ಓದುಗರು!

ಈ ಸಾಲ ಎಲ್ಲ ವಿದ್ಯೆಗಳಲ್ಲೂ ಇದೆ. ಆದರೆ ಅದು ಹೊಳೆಯ ನೆರೆಯಂತೆ ಏರಿದ್ದು ಕೃತಕ ಬುದ್ಧಿಮತ್ತೆ, ಅಂದರೆ ಎಲ್ಲರ ಬಾಯಲ್ಲೂ ಇರುವ ‘ಏಐ’ ಎಂಬ ವಿದ್ಯೆಯಲ್ಲಿ. ಆ ಸಾಲವನ್ನು ತೀರಿಸುತ್ತೇವೆ ಎಂದು ಹೊರಟ ಒಂದು ಪತ್ರಿಕೆಯ ಕಥೆ ಇದು. ಅದರ ಹೆಸರು ‘ಡಿಸ್ಟಿಲ್’. ಕಾಗದದಲ್ಲಿ ಅಚ್ಚಾಗದೆ ಇಂಟರ್ನೆಟ್ಟಿನಲ್ಲೇ ಹುಟ್ಟಿದ ಪತ್ರಿಕೆ. ಐದು ವರ್ಷ ಬೆಳೆಯಿತು, ಹೆಸರು ಮಾಡಿತು, ಆಮೇಲೆ ನಿಂತುಹೋಯಿತು. ಹಣ ಇಲ್ಲದೆಯೋ ಓದುಗರಿಲ್ಲದೆಯೋ ನಿಂತದ್ದಲ್ಲ. ಹಾಗಾದರೆ ಯಾಕೆ ನಿಂತಿತು? ಆ ಉತ್ತರದಲ್ಲಿ, ಎರಡು ಭಾಷೆಗಳ ನಡುವೆ ಬದುಕುವ ನಮ್ಮಂಥವರಿಗೂ ಒಂದು ಪಾಠ ಇದೆ.

ಬಟ್ಟಿ ಇಳಿಸುವ ಪತ್ರಿಕೆ

‘ಡಿಸ್ಟಿಲ್’ ಎಂದರೆ ಬಟ್ಟಿ ಇಳಿಸುವುದು. ನೀಲಗಿರಿಯ ಕಡೆ ಮೂಟೆಗಟ್ಟಲೆ ಎಲೆ ಬೇಯಿಸಿ ಸೀಸೆಯಷ್ಟು ಎಣ್ಣೆ ತೆಗೆಯುವುದನ್ನು ಕಂಡವರಿಗೆ ಈ ಹೆಸರು ತಟ್ಟನೆ ಹಿಡಿಸೀತು. ಎಲೆಯಲ್ಲಿರುವುದೇ ಎಣ್ಣೆಯಲ್ಲೂ ಇರುವುದು. ಆದರೆ ಎಲೆ ಹೊತ್ತುಕೊಂಡು ಊರೂರು ತಿರುಗಲಾದೀತೇ?

ಪತ್ರಿಕೆ ಕಟ್ಟಿದ ಇಬ್ಬರ ಹಿನ್ನೆಲೆಯೂ ತಿಳಿದಿರಲಿ. ಕ್ರಿಸ್ ಓಲಾ ಕೆನಡಾ ದೇಶದವರು. ಕಾಲೇಜಿನ ಪದವಿ ಪಡೆದವರಲ್ಲ. ಆದರೂ ಯಂತ್ರಗಳು ಕಲಿಯುವುದು ಹೇಗೆ ಎಂಬುದನ್ನು ಚಿತ್ರ ಬರೆದು ಬಿಡಿಸಿ ಹೇಳುವುದರಲ್ಲಿ ಅವರ ಕೈ ಪಳಗಿತ್ತು. ಒಂದರ ಹಿಂದೆ ಒಂದು ಬರುವ ಮಾತುಗಳನ್ನು ಯಂತ್ರ ನೆನಪಿಟ್ಟುಕೊಳ್ಳುವುದು ಹೇಗೆಂದು 2015ರ ಆಗಸ್ಟಿನಲ್ಲಿ ಅವರು ಬರೆದ ಲೇಖನವನ್ನು ದೇಶದೇಶಗಳ ವಿದ್ಯಾರ್ಥಿಗಳು ಪಠ್ಯದಂತೆ ಓದಿದರು. ಶಾನ್ ಕಾರ್ಟರ್ ಬಂದದ್ದು ಪತ್ರಿಕೋದ್ಯಮದಿಂದ. ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಅಂಕಿ ಅಂಶಗಳನ್ನು ಚಿತ್ರವಾಗಿ ತೋರಿಸುವ ವಿಭಾಗದಲ್ಲಿ ಇದ್ದವರು. ಒಬ್ಬರಿಗೆ ವಿಷಯ ಗೊತ್ತು, ಇನ್ನೊಬ್ಬರಿಗೆ ಓದುಗನ ಕಣ್ಣು ಗೊತ್ತು. ಜೋಡೆತ್ತು ಸರಿಯಾಗಿ ಕೂಡಿತ್ತು.

2016ರಲ್ಲೇ ಕೆಲವು ಲೇಖನಗಳು ಬೆಳಕು ಕಂಡವು. 2017ರ ಮಾರ್ಚ್ 20ರಂದು ವಿಧಿವತ್ತಾಗಿ ಪತ್ರಿಕೆ ಆರಂಭವಾಯಿತು. ಬರೆದದ್ದನ್ನೆಲ್ಲ ಹಾಕುವ ಜಾಗ ಅದಾಗಿರಲಿಲ್ಲ. ವಿಜ್ಞಾನ ಪತ್ರಿಕೆಗಳ ಶಿಸ್ತಿನಂತೆ, ವಿಷಯ ಬಲ್ಲ ಬೇರೆಯವರು ಓದಿ, ಪರೀಕ್ಷಿಸಿ, ಸೈ ಎಂದ ಮೇಲೆಯೇ ಪ್ರಕಟಣೆ. ಓದುಗನಿಗೆ ಚಂದಾ ಇಲ್ಲ, ಲೇಖಕನಿಗೆ ಶುಲ್ಕ ಇಲ್ಲ. ಮೂಲದ ಹೆಸರು ಹೇಳಿ ಯಾರು ಬೇಕಾದರೂ ಲೇಖನವನ್ನು, ಚಿತ್ರವನ್ನು ಬಳಸಿಕೊಳ್ಳಬಹುದಿತ್ತು.

ಕಾಗದದಲ್ಲಿ ಆಗದ್ದು

ಹಾಗಾದರೆ ಅದರಲ್ಲಿ ಅಂಥದ್ದೇನಿತ್ತು? ಒಂದು ಉದಾಹರಣೆ ನೋಡೋಣ.

ಕಲಿಯುವ ಯಂತ್ರವೆಂದರೆ ಊಟಿಯ ಮಂಜಿನಲ್ಲಿ ಬೆಟ್ಟ ಇಳಿಯುತ್ತಿರುವ ಮನುಷ್ಯನ ಹಾಗೆ. ಕಣಿವೆಯ ತಳ ಕಾಣುವುದಿಲ್ಲ. ಕಾಲಿಗೆ ಸಿಕ್ಕ ಇಳಿಜಾರೇ ದಾರಿ. ಬೆಟ್ಟದ ಎತ್ತರ ಎಂದರೆ ಯಂತ್ರ ಮಾಡುತ್ತಿರುವ ತಪ್ಪು. ತಳ ಎಂದರೆ ಅತಿ ಕಡಿಮೆ ತಪ್ಪು. ದಾಪುಗಾಲು ಹಾಕಿದರೆ ಕಣಿವೆ ದಾಟಿ ಆಚೆ ಬದಿಯ ಬೆಟ್ಟಕ್ಕೆ ಹತ್ತಿಬಿಡುತ್ತಾನೆ. ಇರುವೆ ಹೆಜ್ಜೆ ಇಟ್ಟರೆ ಸಂಜೆಯಾದರೂ ಊರು ಮುಟ್ಟುವುದಿಲ್ಲ. ಅದಕ್ಕೊಂದು ಉಪಾಯ ಉಂಟು. ಇಳಿಜಾರಿನಲ್ಲಿ ಉರುಳುವ ಚೆಂಡಿನಂತೆ ಹಿಂದಿನ ಹೆಜ್ಜೆಯ ಓಟವನ್ನು ಸ್ವಲ್ಪ ಉಳಿಸಿಕೊಂಡು ಮುಂದಿನ ಹೆಜ್ಜೆ ಇಡುವುದು. ಎಷ್ಟು ಓಟ ಉಳಿಸಬೇಕು, ಎಷ್ಟು ಉದ್ದದ ಹೆಜ್ಜೆ ಇಡಬೇಕು? ಪುಸ್ತಕದಲ್ಲಿ ಇದಕ್ಕೆ ಪುಟಗಟ್ಟಲೆ ಗಣಿತ.

2017ರ ಏಪ್ರಿಲ್‌ನಲ್ಲಿ ಗೇಬ್ರಿಯಲ್ ಗೋ ಎಂಬವರು ‘ಡಿಸ್ಟಿಲ್’ನಲ್ಲಿ ಇದನ್ನೇ ವಿವರಿಸಿದರು. ಲೇಖನದ ನೆತ್ತಿಯ ಮೇಲೆ ಒಂದು ಕಣಿವೆಯ ಚಿತ್ರ, ಪಕ್ಕದಲ್ಲಿ ಬೆರಳಿನಿಂದ ಆಚೀಚೆ ಸರಿಸಬಹುದಾದ ಎರಡು ಗುಬುಟು. ಒಂದನ್ನು ಸರಿಸಿದರೆ ಹೆಜ್ಜೆ ಉದ್ದವಾಗುತ್ತದೆ, ಇನ್ನೊಂದನ್ನು ಸರಿಸಿದರೆ ಓಟ ಹೆಚ್ಚುತ್ತದೆ. ಇಳಿಯುವ ದಾರಿ ಎಲ್ಲಿ ನೆಟ್ಟಗಾಗುತ್ತದೆ, ಎಲ್ಲಿ ಅಡ್ಡಾದಿಡ್ಡಿ ಹಾರುತ್ತದೆ ಎಂಬುದು ಕಣ್ಣೆದುರಿಗೇ ಕಾಣುತ್ತದೆ. ಗಣಿತವೂ ಕೆಳಗೆ ಇತ್ತು, ಬೇಕಾದವರಿಗೆ. ಆದರೆ ಗಣಿತಕ್ಕೆ ಹೋಗುವ ಮೊದಲೇ ಬೆರಳಿಗೆ ವಿಷಯ ಅರ್ಥವಾಗಿರುತ್ತಿತ್ತು. ತಕ್ಕಡಿ ಹಿಡಿದು ಕಲಿತ ಹುಡುಗನಿಗೆ ತೂಕದ ಲೆಕ್ಕ ಬೇಗ ಹತ್ತುತ್ತದಲ್ಲ, ಹಾಗೆ.

ಯಂತ್ರದ ತಲೆಯೊಳಗೆ ಇಣುಕು

ಇನ್ನೊಂದು ಲೇಖನದ ಮಾತು ಹೇಳಲೇಬೇಕು. ಯಾಕೆಂದರೆ ಅದು ನಮ್ಮ ಹೊಲಕ್ಕೂ ಅಂಗಡಿಗೂ ಮುಟ್ಟುವ ಸಂಗತಿ.

2014ರಲ್ಲಿ ಗೂಗಲ್ ಸಂಶೋಧಕರು ಚಿತ್ರ ಗುರುತಿಸುವ ಒಂದು ಯಂತ್ರ ತಯಾರಿಸಿದರು. ಯಂತ್ರ ಅಂದರೆ ಕಬ್ಬಿಣದ್ದಲ್ಲ, ಕಂಪ್ಯೂಟರಿನೊಳಗಿನ ಲೆಕ್ಕದ ಜಾಲ. ಅದಕ್ಕೆ ಸುಮಾರು 12 ಲಕ್ಷ ಫೋಟೋ ತೋರಿಸಿ, ಇದು ನಾಯಿ, ಇದು ಕಾರು, ಇದು ಹೂವು ಎಂದು 1,000 ಬಗೆಗಳನ್ನು ಕಲಿಸಿದ್ದರು. ‘ಕಾರಿಗೆ ಚಕ್ರ ಇರುತ್ತದೆ’ ಎಂದು ಯಾರೂ ಅದಕ್ಕೆ ಬರೆದುಕೊಟ್ಟಿರಲಿಲ್ಲ. ನೋಡಿ ನೋಡಿ ತಾನೇ ಕಲಿತಿತ್ತು. ಏನು ಕಲಿತಿತ್ತು, ಯಾವುದನ್ನು ಹಿಡಿದು ‘ಇದು ಕಾರು’ ಎನ್ನುತ್ತಿತ್ತು ಎಂಬುದು ಮಾಡಿದವರಿಗೇ ಗೊತ್ತಿರಲಿಲ್ಲ!

ಓಲಾ ಮತ್ತು ಸಂಗಡಿಗರು ಆ ಜಾಲದ ಎಳೆ ಎಳೆ ಬಿಡಿಸಿ ನೋಡಿದರು. 2020ರ ಮಾರ್ಚ್‌ನಲ್ಲಿ ‘ಡಿಸ್ಟಿಲ್’ನಲ್ಲಿ ಅದನ್ನು ಚಿತ್ರಗಳ ಸಮೇತ ಪ್ರಕಟಿಸಿದರು. ಜಾಲದ ಒಂದು ಘಟಕ ಕಿಟಕಿಯನ್ನು ಗುರುತಿಸುತ್ತದೆ, ಒಂದು ಕಾರಿನ ಮೈಯನ್ನು, ಮತ್ತೊಂದು ಚಕ್ರವನ್ನು. ಮುಂದಿನ ಘಟಕವೊಂದು ಈ ಮೂರನ್ನೂ ಕೂಡಿಸುತ್ತದೆ: ಮೇಲೆ ಕಿಟಕಿ, ಕೆಳಗೆ ಚಕ್ರ ಇದ್ದರೆ, ಕಾರು. ಇಷ್ಟರ ಮಟ್ಟಿಗೆ ಲೆಕ್ಕ ಅಚ್ಚುಕಟ್ಟು. ಆದರೆ ಅದರ ಮುಂದಿನ ಪದರದಲ್ಲಿ ಒಂದು ವಿಚಿತ್ರ ಕಂಡಿತು. ಕಾರಿನ ಸುಳಿವನ್ನು ಯಂತ್ರ, ನಾಯಿಯನ್ನು ಗುರುತಿಸುವ ಹಲವು ಘಟಕಗಳೊಳಗೆ ಹಂಚಿ ಇಟ್ಟಿತ್ತು. ಜಾಗ ಸಾಲದ ವ್ಯಾಪಾರಿ ಒಂದೇ ಗೋದಾಮಿನಲ್ಲಿ ಕಡಲೆಯನ್ನೂ ಕುಸುಬೆಯನ್ನೂ ಹಾಕಿಟ್ಟುಕೊಳ್ಳುವುದಿಲ್ಲವೇ? ಯಂತ್ರವೂ ಹಾಗೇ ಮಾಡುತ್ತಿರಬಹುದು ಎಂದು ಅವರು ಊಹಿಸಿದರು.

‘ಅಲ್ರೀ, ಕಾರು–ನಾಯಿ ಕಟ್ಕೊಂಡು ನಮಗೇನಾಗ್ಬೇಕು?’ ಎಂದು ಯಾರಾದರೂ ಕೇಳಬಹುದು. ಕೇಳುವುದು ನ್ಯಾಯವೇ. ಇವತ್ತು ರೋಗ ಬಿದ್ದ ಎಲೆಯ ಫೋಟೋ ತೆಗೆದರೆ ಫೋನು ‘ಇಂಥ ರೋಗ, ಇಂಥ ಔಷಧ ಹೊಡಿ’ ಎನ್ನುತ್ತದೆ. ಅದು ಎಲೆಯ ಚುಕ್ಕೆ ನೋಡಿ ಹೇಳಿತೋ, ಹಿಂದೆ ಕಂಡ ಮಣ್ಣಿನ ಬಣ್ಣ ನೋಡಿ ಹೇಳಿತೋ? ಸಾಲದ ಅರ್ಜಿಯನ್ನು ಕಂಪ್ಯೂಟರ್ ತೂಗಿ ನೋಡಿದರೆ ಅದು ನಮ್ಮ ಲೇವಾದೇವಿ ನೋಡಿತೋ, ಊರಿನ ಹೆಸರು ನೋಡಿತೋ? ತಪ್ಪು ಔಷಧ ಹೊಡೆದರೆ ನಷ್ಟ ಆಗುವುದು ಯಂತ್ರ ಮಾಡಿದವನ ಮನೆಗಲ್ಲ. ಆದ್ದರಿಂದ ಒಳಗೇನಿದೆ ಎಂದು ಬಿಡಿಸಿ ನೋಡುವುದು, ನೋಡಿದ್ದನ್ನು ಬಿಡಿಸಿ ಹೇಳುವುದು, ಎರಡೂ ನಮಗೆ ಬೇಕಾದ ಕೆಲಸ.

ಬೆಳೆದದ್ದು ಹೇಗೆ?

ಪತ್ರಿಕೆ ಬೆಳೆಯಿತು ಎಂದರೆ ಸಾಮಾನ್ಯವಾಗಿ ನಾವು ಪ್ರಸಾರ ಸಂಖ್ಯೆ ಕೇಳುತ್ತೇವೆ. ‘ಡಿಸ್ಟಿಲ್’ ಬೆಳೆದ ಬಗೆ ಬೇರೆ. ಅದು ಪ್ರಕಟಿಸಿದ್ದೇ ಕಡಿಮೆ. ವರ್ಷಕ್ಕೆ ಬೆರಳೆಣಿಕೆಗಿಂತ ತುಸು ಹೆಚ್ಚು ಲೇಖನ, ಅಷ್ಟೇ.

ಹೊರಗಿನ ಸ್ಥಿತಿ ಹೇಗಿತ್ತು? ಈ ವಿದ್ಯೆಯ ದೊಡ್ಡ ವಾರ್ಷಿಕ ಸಮ್ಮೇಳನಗಳಲ್ಲಿ ಒಂದಾದ ನ್ಯೂರಿಪ್ಸ್‌ಗೆ 2017ರಲ್ಲಿ ಬಂದ ಪ್ರಬಂಧಗಳು 3,200ಕ್ಕೂ ಹೆಚ್ಚು. 2020ರಲ್ಲಿ ಅದು 9,400 ದಾಟಿತು. ಮೂರೇ ವರ್ಷದಲ್ಲಿ ಸುಮಾರು ಮೂರು ಪಟ್ಟು. ಇದು ಒಂದು ಸಮ್ಮೇಳನದ ಮಾತು. ಕಣದಲ್ಲಿ ರಾಶಿ ಏರುತ್ತಲೇ ಇದೆ, ತೂರುವವರು ಮಾತ್ರ ಇಲ್ಲ. ಕಾಳು ಯಾವುದು, ಹೊಟ್ಟು ಯಾವುದು? ಹೊಸ ಪ್ರಬಂಧ ಬರೆದವನಿಗೆ ಹೆಸರು, ಹುದ್ದೆ, ಬಡ್ತಿ ಸಿಗುತ್ತದೆ. ಹಳೆಯದನ್ನು ತಿಳಿಯಾಗಿಸಿ ಬರೆದವನಿಗೆ ‘ಚೆನ್ನಾಗಿದೆ’ ಎಂಬ ಮಾತು ಸಿಗುತ್ತದೆ. ಮಾತಿನಿಂದ ಹೊಟ್ಟೆ ತುಂಬೀತೇ?

ಇದನ್ನು ಸರಿಪಡಿಸಲೆಂದೇ ಪತ್ರಿಕೆಯ ಜತೆಗೆ ಒಂದು ಬಹುಮಾನವನ್ನೂ ಹುಟ್ಟುಹಾಕಿದರು. ಸ್ಪಷ್ಟವಾಗಿ ಬರೆದವರಿಗೆ ಬಹುಮಾನ! ಅದರ ಮೂಲಧನ 1,25,000 ಡಾಲರ್. ಕೊಟ್ಟವರಲ್ಲಿ ಓಲಾ ಕೂಡ ಒಬ್ಬರು. ಬಿಡಿಸಿ ಹೇಳುವುದೂ ಸಂಶೋಧನೆಯಷ್ಟೇ ಮರ್ಯಾದೆಯ ಕೆಲಸ ಎಂದು ದುಡ್ಡಿಟ್ಟು ಹೇಳಿದ ಹಾಗಾಯಿತು.

ಇನ್ನು ಸಂಪಾದಕರ ದುಡಿಮೆ. ಬಂದ ಲೇಖನವನ್ನು ಓದಿ ‘ಹಾಕೋಣ’, ‘ಬೇಡ’ ಎನ್ನುವಷ್ಟಕ್ಕೆ ಅವರ ಕೆಲಸ ಮುಗಿಯುತ್ತಿರಲಿಲ್ಲ. ಲೇಖಕನ ಪಕ್ಕ ಕೂತು, ಈ ಚಿತ್ರ ಹೀಗಿರಲಿ, ಈ ವಾಕ್ಯ ಮೊದಲು ಬರಲಿ, ಇಲ್ಲಿ ಓದುಗ ಎಡವುತ್ತಾನೆ ಎಂದು ತಿದ್ದಿ ತೀಡಿ ಬೆಳೆಸುತ್ತಿದ್ದರು. ಗಟ್ಟಿಯಾಗಿ ಮೂಡಿದ ಎಷ್ಟೋ ಲೇಖನಗಳ ಹಿಂದೆ ಈ ಹೆಸರಿಲ್ಲದ ದುಡಿಮೆ ಇತ್ತು. ಎಲ್ಲರಿಗೂ ಬೇರೆ ಬೇರೆ ಕಡೆ ನೌಕರಿ. ಪತ್ರಿಕೆಯ ಕೆಲಸ ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ, ಪ್ರೀತಿಯಿಂದ.

ನಿಂತದ್ದು ಯಾಕೆ?

2021ರ ಜುಲೈ 2ರಂದು ಸಂಪಾದಕ ಮಂಡಳಿ ಒಂದು ಪ್ರಕಟಣೆ ಹೊರಡಿಸಿತು. ಒಂದು ವರ್ಷ ಪತ್ರಿಕೆಗೆ ಬಿಡುವು, ಆ ಬಿಡುವು ಅನಿರ್ದಿಷ್ಟವಾಗಿ ಮುಂದುವರಿಯಲೂಬಹುದು ಎಂದಿತು. ಅದಾಗಲೇ ಒಪ್ಪಿಕೊಂಡಿದ್ದ ಕೆಲವು ಲೇಖನಗಳು ಆ ಸೆಪ್ಟೆಂಬರಿನಲ್ಲಿ ಬಂದವು. ಅವುಗಳಲ್ಲಿ ಒಂದರ ಲೇಖಕರ ಪೈಕಿ ಐಐಟಿ ಮದ್ರಾಸಿನ ಪ್ರಾಧ್ಯಾಪಕ ಬಾಲರಾಮನ್ ರವೀಂದ್ರನ್ ಅವರೂ ಇದ್ದರು. ಬಿಡುವು ಮತ್ತೆ ಮುಗಿಯಲಿಲ್ಲ.

ಪ್ರಕಟಣೆಯಲ್ಲಿ ಅವರು ಯಾರನ್ನೂ ದೂರಲಿಲ್ಲ. ತಮ್ಮ ಲೆಕ್ಕ ತಾವೇ ತೆಗೆದು ಓದುಗರ ಮುಂದಿಟ್ಟರು. ಮೊದಲ ಕಾರಣ ದಣಿವು. ಸಂಬಳವಿಲ್ಲದ ಕೆಲಸವನ್ನು ಐದು ವರ್ಷ ಎಳೆದವರು ಬಸವಳಿದಿದ್ದರು. ಎರಡನೆಯದು ಇನ್ನೂ ಆಳವಾದದ್ದು. ಒಂದೇ ಮನುಷ್ಯ ಮೇಷ್ಟ್ರೂ ಆಗಬೇಕು, ಪರೀಕ್ಷಕನೂ ಆಗಬೇಕು. ಲೇಖಕನ ಜತೆ ತಿಂಗಳುಗಟ್ಟಲೆ ಕೂತು ತಿದ್ದಿದ ಮೇಲೆ, ಅದೇ ಲೇಖನವನ್ನು ನಿಷ್ಪಕ್ಷಪಾತವಾಗಿ ತೂಗುವುದು ಹೇಗೆ? ತೂಗಿ ‘ಸಾಲದು’ ಎನ್ನಲು ಬಾಯಿ ಬಂದೀತೇ? ಕೈಹಿಡಿದು ಕಲಿಸುವುದೂ ಬೇಕು, ಕಟ್ಟುನಿಟ್ಟಾಗಿ ಅಳೆಯುವುದೂ ಬೇಕು. ಎರಡೂ ಒಂದೇ ಕೈಯಲ್ಲಿದ್ದರೆ ಕೈ ನಡುಗುತ್ತದೆ.

ಮೂರನೆಯ ಕಾರಣ ಕೇಳಿದರೆ ಆಶ್ಚರ್ಯವಾದೀತು. ಪತ್ರಿಕೆ ಗೆದ್ದದ್ದೇ ಒಂದು ಕಾರಣ! ಚಿತ್ರ ಕದಲುವ, ಓದುಗ ಕೈಯಾಡಿಸಬಹುದಾದ ಲೇಖನ ಬರೆಯುವ ಬಗೆಯನ್ನು ಅವರು ಗುಟ್ಟಾಗಿ ಇಟ್ಟುಕೊಂಡಿರಲಿಲ್ಲ. ಪುಟ ಕಟ್ಟುವ ಅಚ್ಚನ್ನೇ ಎಲ್ಲರಿಗೂ ಬಿಟ್ಟುಕೊಟ್ಟಿದ್ದರು. ಅದನ್ನು ಬಳಸಿ ಸಂಶೋಧಕರು, ವಿದ್ಯಾರ್ಥಿಗಳು ತಂತಮ್ಮ ಲೇಖನ ತಾವೇ ಪ್ರಕಟಿಸತೊಡಗಿದರು. ‘ಇನ್ನು ನಡುವೆ ನಾವು ಯಾಕೆ? ಬರೆದವರೇ ನೇರ ಪ್ರಕಟಿಸಲಿ’ ಎಂಬ ನಿಲುವಿಗೆ ಸಂಪಾದಕರು ಬಂದರು.

ಭತ್ತದ ಒಟ್ಟಲು ಪಾತಿಯನ್ನು ನೆನೆಸಿಕೊಳ್ಳಿ. ಸಸಿ ಕಿತ್ತು ಗದ್ದೆಗೆ ನೆಟ್ಟ ಮೇಲೆ ಪಾತಿ ಬರಿದಾಗುತ್ತದೆ. ಹಾಗೆಂದು ಪಾತಿ ಹಾಳಾಯಿತು ಎನ್ನುತ್ತೇವೆಯೇ? ಗದ್ದೆ ಹಸಿರಾಗಿದ್ದರೆ ಸರಿ. ಪ್ರಶ್ನೆ ಏನೆಂದರೆ, ಗದ್ದೆ ಪೂರ್ತಿ ಹಸಿರಾಯಿತೇ?

ತಕ್ಕಡಿ ಯಾರ ಕೈಯಲ್ಲಿ?

ಭಾಗಶಃ ಆಯಿತು, ಪೂರ್ತಿ ಆಗಲಿಲ್ಲ.

ಒಬ್ಬೊಬ್ಬರೇ ನಿಂತು ಮಾಡಿದ ಒಳ್ಳೆಯ ಕೆಲಸಗಳಿವೆ. ಮಾತಿನ ಯಂತ್ರಗಳ ಬೇರಾಗಿರುವ ‘ಟ್ರಾನ್ಸ್‌ಫಾರ್ಮರ್’ ಎಂಬ ರಚನೆಯನ್ನು 2018ರಲ್ಲೇ ಜೇ ಅಲಮ್ಮಾರ್ ಎಂಬವರು ಚಿತ್ರ ಬರೆದು ಬಿಡಿಸಿಟ್ಟರು. ಗ್ರಾಂಟ್ ಸ್ಯಾಂಡರ್ಸನ್ ಎಂಬವರು 2017ರಿಂದ ವಿಡಿಯೋಗಳ ಮೂಲಕ ನ್ಯೂರಲ್ ನೆಟ್‌ವರ್ಕ್‌ಗಳ ಗಣಿತ ಕಲಿಸಿದರು. 2022ರಲ್ಲಿ ಐಸಿಎಲ್‌ಆರ್ ಎಂಬ ದೊಡ್ಡ ಸಮ್ಮೇಳನ ವಿವರಣಾತ್ಮಕ ಬರಹಗಳಿಗೆಂದೇ ಒಂದು ವಿಭಾಗ ತೆರೆಯಿತು. ಓಲಾ ಸೇರಿದಂತೆ ಕೆಲವರು ಕೂಡಿ 2021ರಲ್ಲಿ ಕಟ್ಟಿದ ಆಂತ್ರೋಪಿಕ್ ಎಂಬ ಕಂಪನಿ, ಮಾತಿನ ಯಂತ್ರಗಳ ಒಳಗನ್ನು ಬಿಡಿಸಿ ನೋಡುವ ಲೇಖನಮಾಲೆಯನ್ನು ಆ ಡಿಸೆಂಬರಿನಿಂದ ‘ಡಿಸ್ಟಿಲ್’ನ ಅಚ್ಚಿನಲ್ಲೇ ಪ್ರಕಟಿಸುತ್ತ ಬಂದಿದೆ. ಪಾತಿಯ ಸಸಿ ಬೇರೆ ಬೇರೆ ಗದ್ದೆಗೆ ಹೋದದ್ದು ನಿಜ.

ಆದರೆ ಒಂದು ಮಾತು ವ್ಯಾಪಾರಿಗಳಿಗೆ ಹೇಳಬೇಕಾಗಿಲ್ಲ. ಸರಕು ಯಾರದ್ದೋ ಅವರ ಕೈಯಲ್ಲೇ ತಕ್ಕಡಿಯೂ ಇದ್ದರೆ, ಮನುಷ್ಯ ಎಷ್ಟೇ ಪ್ರಾಮಾಣಿಕನಾದರೂ ಕೊಳ್ಳುವವನಿಗೆ ಸಂಶಯ ತಪ್ಪದು. ಯಂತ್ರ ಮಾಡುವ ಕಂಪನಿಯೇ ಯಂತ್ರದ ಬಗ್ಗೆ ಬರೆದು, ತನ್ನ ಪುಟದಲ್ಲೇ ಪ್ರಕಟಿಸಿಕೊಂಡರೆ, ಮುಳ್ಳು ಸರಿಯಾಗಿ ನಿಂತಿದೆಯೇ ಎಂದು ನೋಡುವವರು ಯಾರು? ‘ಡಿಸ್ಟಿಲ್’ಗೆ ಕಂಪನಿಗಳ ಬೆಂಬಲ ಇತ್ತು, ಸಂಪಾದಕರೂ ಕಂಪನಿಗಳಲ್ಲೇ ಇದ್ದವರು. ಆದರೂ ಹೊರಗಿನವರು ಓದಿ ಸೈ ಎನ್ನಬೇಕೆಂಬ ಕಟ್ಟಳೆ ಅಲ್ಲಿತ್ತು. ನೇರ ಪ್ರಕಟಣೆಯಲ್ಲಿ ಆ ಕಟ್ಟಳೆ ಇಲ್ಲ. ಬರೆದವನ ಸ್ವಂತ ಶಿಸ್ತೇ ಗತಿ.

ಕಾಲವಾದರೂ ಎಂಥ ಕಾಲ! 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಹೊರಬಂತು. ಅಲ್ಲಿಯವರೆಗೆ ಪ್ರಯೋಗಶಾಲೆಯ ಮಾತಾಗಿದ್ದದ್ದು ರಾತ್ರಿ ಬೆಳಗಾಗುವುದರೊಳಗೆ ಚಹಾದಂಗಡಿಯ ಮಾತಾಯಿತು. ‘ಇದು ಹೇಗೆ ಕೆಲಸ ಮಾಡುತ್ತೆ? ನಂಬಬಹುದಾ? ನಮ್ಮ ಹುಡುಗರ ಕೆಲಸ ಹೋಗುತ್ತಾ?’ ಎಂದು ಲೋಕವೆಲ್ಲ ಕೇಳತೊಡಗಿತು. ಬಿಡಿಸಿ ಹೇಳುವ ಕೈಗಳು ಅತಿ ಹೆಚ್ಚು ಬೇಕಾದ ಹೊತ್ತಿಗೆ ಆ ಪತ್ರಿಕೆ ಬಾಗಿಲೆಳೆದು ಹದಿನೇಳು ತಿಂಗಳು ಆಗುತ್ತ ಬಂದಿತ್ತು. ಮಳೆ ಬರುವ ಮುನ್ನ ಕೊಡೆ ರಿಪೇರಿಯವನು ಅಂಗಡಿ ಮುಚ್ಚಿದ ಹಾಗೆ. ಆ ಖಾಲಿ ಜಾಗದಲ್ಲಿ ಒಳ್ಳೆಯ ಬರಹವೂ ಬಂತು, ಹೆದರಿಸುವ, ಮರುಳು ಮಾಡುವ ಬರಹ ಅದಕ್ಕಿಂತ ಹೆಚ್ಚಾಗಿ ಬಂತು.

ನಮಗೇನು ಪಾಠ?

ಗಡಿಯಲ್ಲಿ ಬದುಕುವವರಿಗೆ ಈ ‘ಸಂಶೋಧನೆಯ ಸಾಲ’ ಇಮ್ಮಡಿ. ಮೊದಲನೆಯದಾಗಿ ವಿದ್ಯೆ ಕಠಿಣ. ಎರಡನೆಯದಾಗಿ ಅದು ಇರುವುದು ಇಂಗ್ಲಿಷಿನಲ್ಲಿ. ‘ಡಿಸ್ಟಿಲ್’ ತೀರಿಸಿದ್ದು ಮೊದಲ ಸಾಲದ ಒಂದು ಪಾಲನ್ನು ಮಾತ್ರ.

ಎರಡನೆಯದನ್ನು ಯಂತ್ರವೇ ತೀರಿಸುತ್ತದೆ ಎನ್ನುವವರಿದ್ದಾರೆ. ಐಐಟಿ ಮದ್ರಾಸಿನ ‘ಏಐ4ಭಾರತ್’ ತಂಡ 2023ರಲ್ಲಿ ಸಂವಿಧಾನದ ಎಂಟನೆಯ ಪರಿಚ್ಛೇದದ 22 ಭಾಷೆಗಳಿಗೂ ಅನುವಾದ ಮಾಡುವ ಯಂತ್ರವನ್ನು ಬಿಡುಗಡೆ ಮಾಡಿ ಎಲ್ಲರಿಗೂ ತೆರೆದಿಟ್ಟಿತು. ಕನ್ನಡ, ಮಲಯಾಳ, ತಮಿಳು, ತೆಲುಗು, ಮರಾಠಿ, ಕೊಂಕಣಿ ಎಲ್ಲ ಅದರಲ್ಲಿವೆ. ಮನೆಯೊಳಗೆ ತುಳುವೋ ಬಡಗವೋ ಆಡುವವರ ಮಾತು ಮಾತ್ರ ಆ 22ರ ಪಟ್ಟಿಯಲ್ಲಿಲ್ಲ. ಇರಲಿ, ಬಂದಷ್ಟು ಬಂತು, ಸಂತೋಷವೇ.

ಆದರೆ ಭಾಷಾಂತರ ಬೇರೆ, ಬಿಡಿಸಿ ಹೇಳುವುದು ಬೇರೆ. ಎರಡು ಭಾಷೆ ಬಲ್ಲ ನಮ್ಮ ಓದುಗರಿಗಿಂತ ಚೆನ್ನಾಗಿ ಇದನ್ನು ಯಾರು ಬಲ್ಲರು? ಅಕ್ಕಲಕೋಟೆ, ಜತ್ತದ ಕಡೆ ಮರಾಠಿಯ ಸಾತ್‌ಬಾರಾ ಉತಾರ, ರಾಯದುರ್ಗದ ಕಡೆ ತೆಲುಗಿನ ಅಡಂಗಲ್, ತಾಳವಾಡಿಯಲ್ಲಿ ತಮಿಳಿನ ಚಿಟ್ಟಾ, ಕಾಸರಗೋಡಿನಲ್ಲಿ ವಿಲೇಜ್ ಆಫೀಸಿನಿಂದ ಬಂದ ಮಲಯಾಳದ ನೋಟೀಸು. ಅಜ್ಜ ಕಾಗದ ಹಿಡಿದು ಬರುತ್ತಾರೆ. ಪದಕ್ಕೆ ಪದ ಕನ್ನಡ ಮಾಡಿ ಓದಿದರೆ ಅವರಿಗೆ ಏನೂ ಆಗದು. ‘ಅಜ್ಜ, ಇದು ಹೆದರುವ ಕಾಗದ ಅಲ್ಲ. ಕರ ಬಾಕಿ ಉಂಟು, ಈ ತಿಂಗಳೊಳಗೆ ಕಟ್ಟಿದರಾಯ್ತು, ಹಳೇ ರಸೀದಿ ತಕ್ಕೊಂಡು ಹೋಗಿ’ ಎಂದಾಗಲೇ ಅವರ ಮುಖ ತಿಳಿಯಾಗುವುದು. ಊರಿಗೆ ಒಬ್ಬಿಬ್ಬರು ಇಂಥವರು ಇದ್ದೇ ಇರುತ್ತಾರೆ. ಅವರಿಗೆ ಸಿಗುವ ಕೂಲಿ ಒಂದು ಲೋಟ ಚಹಾ, ಹೆಚ್ಚೆಂದರೆ ಒಂದು ಗೊನೆ ಬಾಳೆಹಣ್ಣು. ಅವರು ಊರು ಬಿಟ್ಟರೋ, ಕಣ್ಣು ಮುಚ್ಚಿದರೋ, ಆಗಲೇ ಊರಿಗೆ ಅವರ ಬೆಲೆ ಗೊತ್ತಾಗುವುದು. ‘ಡಿಸ್ಟಿಲ್’ ಸಂಪಾದಕರ ಕಥೆಯೂ ಇದೇ.

ಕನ್ನಡದಲ್ಲಿ ಇಂಥ ಕೆಲಸಕ್ಕೆ ಬುನಾದಿ ಇಲ್ಲದೆ ಇಲ್ಲ. ಯು. ಬಿ. ಪವನಜ ಅವರು 1996ರಲ್ಲೇ ‘ವಿಶ್ವಕನ್ನಡ’ ಎಂಬ ಅಂತರಜಾಲ ಪತ್ರಿಕೆ ತಂದು, ಕನ್ನಡದಲ್ಲಿ ಇದೇ ಮೊದಲನೆಯದು ಎನಿಸಿದರು. ಟಿ. ಜಿ. ಶ್ರೀನಿಧಿ ಅವರ ‘ಇಜ್ಞಾನ’ 2007ರಿಂದ ವಿಜ್ಞಾನ, ತಂತ್ರಜ್ಞಾನಗಳನ್ನು ತಿಳಿಗನ್ನಡದಲ್ಲಿ ಹೇಳುತ್ತ ಬಂತು. ಇನ್ನು ಕೃಷಿಕರಿಗೆ ಹತ್ತಿರದ ಉದಾಹರಣೆ ಬೇಕೆಂದರೆ ಪುತ್ತೂರಿನ ‘ಅಡಿಕೆ ಪತ್ರಿಕೆ’ ಇದೆ. 1988ರಲ್ಲಿ ಬೆಳೆಗಾರರೇ ಸೇರಿ ಆರಂಭಿಸಿದ ಪತ್ರಿಕೆ. ಅದನ್ನು ಕಟ್ಟಿ ಬೆಳೆಸಿದವರಲ್ಲಿ ಪ್ರಮುಖರಾದ ಶ್ರೀ ಪಡ್ರೆ ಅವರ ಊರು ಗಡಿಯಾಚೆ, ಕಾಸರಗೋಡು ಜಿಲ್ಲೆಯಲ್ಲಿ. ಕೃಷಿಕರ ಕೈಗೆ ಲೇಖನಿ ಕೊಡಬೇಕು ಎಂಬುದು ಅವರ ನಂಬಿಕೆ. ತೋಟದಲ್ಲಿ ಕಂಡದ್ದನ್ನು ಕಂಡವನೇ ಬರೆಯಲಿ, ಬರೆಯಲು ಬಾರದಿದ್ದರೆ ಸಂಪಾದಕರು ಪಕ್ಕ ಕೂತು ಕಲಿಸಲಿ ಎಂಬ ದಾರಿ. ಸಾವಿರಾರು ಮೈಲಿ ದೂರದ ‘ಡಿಸ್ಟಿಲ್’ ಹಿಡಿದದ್ದೂ ಹೆಚ್ಚುಕಡಿಮೆ ಇದೇ ದಾರಿ. ವ್ಯತ್ಯಾಸ ಒಂದೇ: ಅಡಿಕೆ ಪತ್ರಿಕೆಗೆ ಚಂದಾ ಕಟ್ಟುವ ಬೆಳೆಗಾರ ಬೆನ್ನಿಗಿದ್ದ. ಡಿಸ್ಟಿಲ್‌ಗೆ ಇದ್ದವರು ಹೊಗಳುವ ಓದುಗರು.

ನಾಳೆ ಕನ್ನಡದಲ್ಲಿ ಏಐ ಬಗ್ಗೆ ಒಂದು ಪತ್ರಿಕೆ ಬೆಳೆಸಲು ಹೊರಡುವವರು ಇದ್ದಾರು, ಇರಲೇಬೇಕು. ಅವರಿಗೆ ಈ ಐದು ವರ್ಷದ ಲೆಕ್ಕದಿಂದ ನಾಲ್ಕು ಮಾತು ಸಿಗುತ್ತದೆ. ಕಡಿಮೆ ಪ್ರಕಟಿಸಿ, ಆದರೆ ಓದಿದವನಿಗೆ ಪೂರ್ತಿ ತಿಳಿಯುವಂತೆ ಪ್ರಕಟಿಸಿ. ಕಲಿಸುವ ಕೈ ಮತ್ತು ತೂಗುವ ಕೈ ಬೇರೆ ಬೇರೆ ಇರಲಿ. ಬರೆಯುವ ಬಗೆಯನ್ನು ಬಚ್ಚಿಡಬೇಡಿ, ಅಚ್ಚು ಹಂಚಿದಷ್ಟೂ ಬೆಳೆ. ನಾಲ್ಕನೆಯದು ಓದುಗರಾದ ನಮಗೇ ಹೇಳಿಕೊಳ್ಳಬೇಕಾದದ್ದು: ಬಿಡಿಸಿ ಹೇಳುವವನ ಮನೆಯಲ್ಲೂ ಒಲೆ ಉರಿಯಬೇಕು.

ಬಿತ್ತನೆ ಬೀಜಕ್ಕೆ ದುಡ್ಡು ಕೊಡುತ್ತೇವೆ, ಗೊಬ್ಬರಕ್ಕೆ ಕೊಡುತ್ತೇವೆ, ಹಮಾಲಿಗೂ ದಲಾಲಿಗೂ ಕೊಡುತ್ತೇವೆ. ತಿಳಿವಳಿಕೆ ಮಾತ್ರ ಪುಕ್ಕಟೆ ಬರಲಿ ಎನ್ನುತ್ತೇವೆ. ಪುಕ್ಕಟೆ ಬರುವುದು ಎಷ್ಟು ದಿನ ಬಂದೀತು? ಯಂತ್ರ ಎಲೆ ನೋಡಿ ರೋಗ ಹೇಳುವ, ಕಾಗದ ನೋಡಿ ಸಾಲ ಕೊಡುವ ಕಾಲದಲ್ಲಿ, ಅದು ಹೇಗೆ ಹೇಳಿತು ಎಂದು ನಮ್ಮ ಮಾತಿನಲ್ಲಿ ಬಿಡಿಸಿ ಹೇಳುವವರು ಊರಿಗೊಬ್ಬರಾದರೂ ಬೇಕು. ಅಂಥವರು ನಿಮ್ಮ ಊರಲ್ಲಿ ಇದ್ದರೆ, ಮುಂದಿನ ಸಲ ಕಾಗದ ಹಿಡಿದು ಹೋಗುವಾಗ ಚಹಾದ ಆಚೆಗೂ ಸ್ವಲ್ಪ ಯೋಚಿಸಿ.